ಮಂಗಳೂರಿನ ಅಲೋಶಿಯಸ್ ಚಾಪೆಲ್: ಆ ಗೋಡೆಯದು ಉಬ್ಬು ಕೆತ್ತನೆಯೋ, ಬರೀ ಬಣ್ಣವೋ?

ಹುಬ್ಬಳ್ಳಿ ಗಚ್ಚು

ಎಲ್ಲರಿಗೂ ನಮಸ್ಕಾರ್ರೀ. ಹೋದ ತಿಂಗಳು ತಂಗಿಯ ಮಗನನ್ನು ಹಾಸ್ಟೆಲಿಗೆ ಬಿಡೋದಿತ್ತು, ಮಂಗಳೂರಿಗೆ ಹೋಗಿದ್ದೆವು. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿದೆವು. ಮಧ್ಯಾಹ್ನ ಮೂರು ತಾಸು ಖಾಲಿ ಇತ್ತು. ಬಾವುಟಗುಡ್ಡೆಯ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದರೆ ಪ್ರಾರ್ಥನೆಯ ಇಗರ್ಜಿ ಇದೆ, ನೋಡಿ ಬನ್ನಿ ಅಂತ ಆಟೋದವರು ಹೇಳಿದರು. ಹೋದೆವು.

ಜೊತೆಗೆ ಅಪ್ಪ ಇದ್ದರು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಒಳಗೆ ಕಾಲಿಟ್ಟ ಕೂಡಲೇ ನಾವೆಲ್ಲ ಮೇಲೆ ನೋಡಿ ಬಾಯಿ ಬಿಟ್ಟರೆ ಅಪ್ಪ ಸೀದಾ ಗೋಡೆ ಕಡೆ ಹೋದರು. ಗೋಡೆಗೆ ಮುಟ್ಟದ ಹಾಗೆ ಕೆನ್ನೆ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ, ಗೋಡೆಯ ಉದ್ದಕ್ಕೂ ನೋಡಿದರು. ಹೊಸ ಗಿಲಾವು ಮಾಡಿದ ಮೇಲೆ ಏರುಪೇರು ಇದೆಯಾ ಅಂತ ನೋಡೋದು ಹೀಗೆಯೇ. ನೋಡಿ ಹಿಂದೆ ಸರಿದು, "ಏನೂ ಉಬ್ಬಿಲ್ಲ ಬಿಡವಾ. ಸಪಾಟ ಐತಿ" ಅಂದರು.

ನನಗೆ ನಂಬಿಕೆ ಬರಲಿಲ್ಲ. ಅಂಚುಪಟ್ಟಿ, ಚೌಕಟ್ಟು, ಎಲೆಬಳ್ಳಿ ಎಲ್ಲಾ ಗಾರೆಯಲ್ಲಿ ಎಬ್ಬಿಸಿದ ಹಾಗೆ ಕಾಣುತ್ತವೆ. ನಾನೂ ಅವರ ತರ ಕೆನ್ನೆ ತಂದು ನೋಡಿದೆ. ಹೌದು, ಸಪಾಟ.

ಈಗ ಮೂರು ಪ್ರಶ್ನೆ. ಇದನ್ನು ಹೇಗೆ ಮಾಡಿದರು? ಮಂಗಳೂರಿನ ಮಳೆಗೆ ಬಣ್ಣ ಇಷ್ಟು ವರ್ಷ ಹೇಗೆ ಉಳಿಯಿತು? ಮತ್ತೆ, ಅಲ್ಲಿ ನಮ್ಮ ಹಿಂದೆ ನಿಂತಿದ್ದ ಒಬ್ಬರು "ಇದು ನಿಯೋಕ್ಲಾಸಿಕಲ್" ಅಂತ ಹೆಂಡತಿಗೆ ಹೇಳುತ್ತಿದ್ದರು. ಹಾಗಂದರೆ ಏನು? ಅಪ್ಪ ಬಂದಾಗಿನಿಂದ ಇದನ್ನೇ ಕೇಳುತ್ತಿದ್ದಾರೆ.

ಕುಡ್ಲದ ಸೊಸೆ

ಅಯ್ಯೋ, ನಮ್ಮ ಊರಿನ ಸುದ್ದಿ! ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದವಳು. ಈಗ ವಿದ್ಯಾನಗರ. ಚಿಕ್ಕವಳಿದ್ದಾಗ ಅಲ್ಲಿ ಎಷ್ಟೋ ಸಲ ಬಲಿಪೂಜೆಗೆ ಹೋಗಿದ್ದೇನೆ. ಪ್ರವಚನದ ಹೊತ್ತಿಗೆ ಕತ್ತೆತ್ತಿ ಮಾಳಿಗೆ ನೋಡಿದ್ದಕ್ಕೆ ಅಮ್ಮ ಚಿವುಟಿದ್ದೂ ಇದೆ.

ಬಿಡಿಸಿದವರು ಬ್ರದರ್ ಅಂತೋನಿಯೊ ಮೊಸ್ಕೇನಿ. ಇಟಲಿಯವರು, ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊ ಅನ್ನುವ ಊರು, ಹುಟ್ಟಿದ್ದು 1854. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತರು. 1889ರಲ್ಲಿ ಯೇಸುಸಭೆ, ಅಂದರೆ ಜೆಸುಯಿಟರ ಸಂಘ ಸೇರಿದರು. 1898ರಲ್ಲಿ ಮಂಗಳೂರಿಗೆ ಬಂದರು. ಗುರುಗಳಲ್ಲ, ಬ್ರದರ್. ಪೂಜೆ ಮಾಡಿಸುವವರಲ್ಲ, ಕೈಕೆಲಸದವರು.

ಕಾಲೇಜು ಶುರುವಾಗಿದ್ದು 1880ರಲ್ಲಿ. ಚಾಪೆಲ್ ಕಟ್ಟಿದ್ದು ಆ ದಶಕದಲ್ಲೇ. ಅಂದರೆ ಮೊಸ್ಕೇನಿ ಬರುವ ತನಕ ಹತ್ತು ವರ್ಷಕ್ಕೂ ಜಾಸ್ತಿ ಗೋಡೆಗಳು ಸುಮ್ನೆ ಖಾಲಿ ಇದ್ದವು. ಈಗ ಅದನ್ನು ಮನಸ್ಸಿಗೆ ತಂದುಕೊಳ್ಳೋಕೂ ಆಗುವುದಿಲ್ಲ.

ಉಣಕಲ್ ದಂಡೆ

ಒಂದು ಮಾತು ಹೇಳಲಾ? ಬೈಯಬೇಡಿ. ಇಲ್ಲದ ಕೆತ್ತನೆಯನ್ನು ಇದೆ ಅಂತ ತೋರಿಸುವುದು ಒಂಥರಾ ಮೋಸ ಅಲ್ವಾ? ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಬನ್ನಿ. ಕಲ್ಲು ಅಂದರೆ ಕಲ್ಲು. ಕೈ ಇಟ್ಟರೆ ತಂಪು ಹತ್ತುತ್ತದೆ. ಅಣ್ಣಿಗೇರಿ ಅಮೃತೇಶ್ವರದಲ್ಲಿ 76 ಕಂಬ ಅಂದರೆ 76 ಕಂಬ, ಎಣಿಸಿಕೊಳ್ಳಬಹುದು. ಬಣ್ಣದ ಕಂಬ ಎಣಿಸಿ ಏನು ಮಾಡೋದು?

ಲಕ್ಕುಂಡಿ ಲೋಕ

ಉಣಕಲ್ ಅಣ್ಣಾ, ನಾನು ಗದಗಿನವನು, ಕಂಬದ ವಿಷಯ ಬಂದರೆ ನಾನು ನಿಮ್ಮ ಕಡೆಯೇ ಇರಬೇಕು. ಲಕ್ಕುಂಡಿ ಕಾಶಿವಿಶ್ವನಾಥದ ಕಂಬಗಳನ್ನು ನೋಡಿದರೆ ಕಟ್ಟಿಗೆಯನ್ನು ಚರಕಿಗೆ ಹಾಕಿ ತಿರುವಿದ ಹಾಗಿವೆ. ಆದರೆ ಯೋಚನೆ ಮಾಡಿ. ಅದು ಕಟ್ಟಿಗೆ ಅಲ್ಲ, ಬಳಪದ ಕಲ್ಲು. ಗುಡಿಯ ಗೋಡೆಯ ಮೇಲೆ ಕೈಯಗಲದ ಪುಟ್ಟ ಪುಟ್ಟ ಶಿಖರ ಕೆತ್ತಿದ್ದಾರಲ್ಲ, ಅದರೊಳಗೆ ಯಾರಾದರೂ ಹೋಗೋಕಾಗುತ್ತಾ? ಗುಡಿಯ ಚಿತ್ರವನ್ನೇ ಗುಡಿಯ ಗೋಡೆಯ ಮೇಲೆ ಕಲ್ಲಲ್ಲಿ ಬರೆದದ್ದು ಅದು. ಇಲ್ಲದ್ದನ್ನು ಇದೆ ಅಂತ ತೋರಿಸುವ ಚಾಳಿ ನಮ್ಮ ಶಿಲ್ಪಿಗಳಿಗೂ ಇತ್ತು. ಸಾಮಾನು ಬೇರೆ, ಅಷ್ಟೇ.

ಉಣಕಲ್ ದಂಡೆ

ಅದು ಬೇರೆ ಇದು ಬೇರೆ. ಆದರೂ ಆಯಿತು, ಮುಂದೆ ಹೇಳಿ.

ಬಣ್ಣದ ಡಬ್ಬಿ

ಧಾರವಾಡದಿಂದ. ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಗಚ್ಚು ಅಕ್ಕಾ, ನಿಮ್ಮ ಅಪ್ಪ ನೋಡಿದ ರೀತಿ ಓದಿ ಖುಷಿಯಾಯಿತು. ಮುಟ್ಟದೆ ನೋಡಿದ್ದು ಇನ್ನೂ ಖುಷಿ. ಬೆರಳಿನ ಎಣ್ಣೆ, ಬೆವರು ಗೋಡೆಚಿತ್ರಕ್ಕೆ ಒಳ್ಳೆಯದಲ್ಲ.

ಹೇಗೆ ಮಾಡಿದರು ಅಂತ ಕೇಳಿದಿರಿ. ಅಪ್ಪನಿಗೆ ಅರ್ಧ ಗೊತ್ತಿರುತ್ತದೆ, ಯಾಕಂದರೆ ಫ್ರೆಸ್ಕೊದಲ್ಲಿ, ಅಂದರೆ ಹಸಿ ಸುಣ್ಣದ ಗಿಲಾವಿನ ಮೇಲೆ ಬಿಡಿಸುವ ಚಿತ್ರದಲ್ಲಿ, ಅರ್ಧ ಕೆಲಸ ಗೌಂಡಿಯದೇ.

ಮೊದಲು ಗೋಡೆಗೆ ದಪ್ಪ ಗಿಲಾವು. ಅದರ ಮೇಲೆ ಸುಣ್ಣ ಮತ್ತು ಸಣ್ಣ ಮರಳಿನ ನಯವಾದ ತೆಳು ಪದರ. ಈ ಕೊನೆಯ ಪದರವನ್ನು ಇಡೀ ಗೋಡೆಗೆ ಒಮ್ಮೆಲೇ ಬಳಿಯುವುದಿಲ್ಲ. ಇವತ್ತು ಎಷ್ಟು ಬಿಡಿಸೋಕಾಗುತ್ತೋ ಅಷ್ಟಕ್ಕೇ. ಇಟಲಿಯವರು ಅದನ್ನು ಜೊರ್ನಾತಾ ಅನ್ನುತ್ತಾರೆ, ಅಂದರೆ ಒಂದು ದಿನದ ಕೆಲಸ. ನಮ್ಮಲ್ಲಿ ದಿನಗೂಲಿ ಲೆಕ್ಕ ಹಾಕುತ್ತೇವಲ್ಲ, ಹಾಗೆ. ಸುಣ್ಣ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಅಂಟು ಇಲ್ಲ, ಎಣ್ಣೆ ಇಲ್ಲ. ಬರೀ ನೀರು.

ಸುಣ್ಣ ಒಣಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನ ಹರಳಿನೊಳಗೆ ಸಿಕ್ಕಿಬೀಳುತ್ತವೆ. ಅಂದರೆ ಬಣ್ಣ ಗೋಡೆಯ ಮೇಲೆ ಕೂತಿರುವುದಿಲ್ಲ, ಗೋಡೆಯೇ ಬಣ್ಣವಾಗಿರುತ್ತದೆ. ಅದಕ್ಕೇ ಸಿಪ್ಪೆ ಏಳುವುದು ಕಡಿಮೆ.

ಕಷ್ಟ ಇರುವುದು ಇಲ್ಲಿ. ಹಸಿ ಇದ್ದಾಗ ಬಣ್ಣ ಗಾಢ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ನಿನ್ನೆಯ ಆಕಾಶಕ್ಕೂ ಇವತ್ತಿನ ಆಕಾಶಕ್ಕೂ ನೀಲಿ ಕೂಡಬೇಕು ಅಂದರೆ ಅಂದಾಜು ತಲೆಯಲ್ಲೇ ಇರಬೇಕು. ತಪ್ಪಿದರೆ ಅಳಿಸೋಕಾಗಲ್ಲ, ಆ ತುಂಡಿನ ಗಿಲಾವನ್ನೇ ಕೆತ್ತಿ ತೆಗೆಯಬೇಕು. ಎಲ್ಲಾ ಬಣ್ಣಕ್ಕೂ ಸುಣ್ಣ ಆಗಿಬರುವುದಿಲ್ಲ. ಕಾವಿ, ಹಳದಿ ಮಣ್ಣು ತಡೆಯುತ್ತವೆ. ಪ್ರಶ್ಯನ್ ಬ್ಲೂ ಹಚ್ಚಿದರೆ ಸುಣ್ಣ ಅದನ್ನು ತಿಂದುಹಾಕುತ್ತದೆ.

ಇನ್ನೊಂದು. ಗೋಡೆಗೆ ನೇರವಾಗಿ ಕುಂಚ ಇಡುವುದಿಲ್ಲ. ಚಿತ್ರವನ್ನು ಅದೇ ಅಳತೆಯಲ್ಲಿ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ತೂತು ಚುಚ್ಚಿ, ಗೋಡೆಗೆ ಹಿಡಿದು ಇದ್ದಿಲಪುಡಿಯ ಗಂಟನ್ನು ತಟ್ಟುವುದು ಹಳೆಯ ಪದ್ಧತಿ. ತೂತಿನ ರಂಗೋಲಿ ಅಚ್ಚು ನೋಡಿದ್ದೀರಲ್ಲ, ಸಂತೆಯಲ್ಲಿ ಮಾರುವುದು? ಅದೇ ಉಪಾಯ.

ಹುಬ್ಬಳ್ಳಿ ಗಚ್ಚು

ಅಪ್ಪನಿಗೆ ಓದಿ ಹೇಳಿದೆ. "ದಿನಾ ಒಂದೊಂದು ತುಂಡು ಅಂದ್ರ ಜೋಡು ಎಲ್ಲಿ ಮುಚ್ಚಿದ?" ಅಂತ ಕೇಳುತ್ತಿದ್ದಾರೆ. ಎರಡು ದಿನದ ಗಿಲಾವು ಕೂಡುವ ಕಡೆ ಗೆರೆ ಬರಲೇಬೇಕಂತೆ.

ಬಣ್ಣದ ಡಬ್ಬಿ

ಶಭಾಷ್! ಇದು ಕಸುಬುದಾರರ ಪ್ರಶ್ನೆ. ಜೋಡು ಬರುತ್ತದೆ. ಅದನ್ನು ಚಿತ್ರದ ಗೆರೆಯಲ್ಲೇ ಬಚ್ಚಿಡುತ್ತಾರೆ. ನಿಲುವಂಗಿಯ ಅಂಚು, ತಲೆಯ ಸುತ್ತಿನ ರೇಖೆ, ಕಂಬದ ಬದಿ, ಇಂಥ ಕಡೆ ಕತ್ತರಿಸುತ್ತಾರೆ. ಹಳೆಯ ಫ್ರೆಸ್ಕೊಗಳ ಮೇಲೆ ಪಕ್ಕದಿಂದ ಬ್ಯಾಟರಿ ಬೆಳಕು ಹಾಯಿಸಿ ಈ ಜೋಡುಗಳನ್ನು ಹುಡುಕಿ, ಎಷ್ಟು ದಿನದ ಕೆಲಸ ಅಂತ ಎಣಿಸುವವರಿದ್ದಾರೆ. ನಿಮ್ಮ ಅಪ್ಪ ಕೆನ್ನೆ ತಂದು ನೋಡಿದ್ದೂ ಅದೇ ವಿದ್ಯೆ.

ಟಿ-ಸ್ಕ್ವೇರ್

ಹುಬ್ಬಳ್ಳಿಯಲ್ಲಿ ಮನೆ ನಕ್ಷೆ ಮಾಡುವವನು. "ನಿಯೋಕ್ಲಾಸಿಕಲ್" ಪ್ರಶ್ನೆ ನನಗೆ ಬಿಡಿ.

ಹದಿನೆಂಟನೇ ಶತಮಾನದ ನಡುವಿಗೆ ಇಟಲಿಯಲ್ಲಿ ಬೂದಿಯಡಿ ಹೂತಿದ್ದ ಊರುಗಳನ್ನು ಅಗೆಯೋಕೆ ಶುರುಮಾಡಿದರು. ಹರ್ಕ್ಯುಲೇನಿಯಂ 1738, ಪಾಂಪೆ 1748. ಹಳೆ ರೋಮಿನ ಮನೆ, ಗುಡಿ ಎಲ್ಲಾ ಕಣ್ಣೆದುರು ಬಂದವು. ಅಷ್ಟರಲ್ಲಿ ಬರೋಕ್ ಶೈಲಿಯ ಸುರುಳಿ, ಚಿನ್ನ, ಆಡಂಬರ ನೋಡಿ ಜನರಿಗೂ ಸಾಕಾಗಿತ್ತು. ಮತ್ತೆ ನೇರ ಗೆರೆ, ಸಾಲು ಕಂಬ, ಮೇಲೆ ತ್ರಿಕೋನದ ಮುಖ, ಎಡಬಲ ಒಂದೇ ಅಳತೆ, ಅಲಂಕಾರ ಕಡಿಮೆ. ಇದು ನಿಯೋಕ್ಲಾಸಿಕಲ್.

ಪಕ್ಕಾ ಮಾದರಿ ಬೇಕಾದರೆ ಪ್ಯಾರಿಸಿನ ಶಾಪೆಲ್ ಎಕ್ಸ್‌ಪಿಯಾಟ್ವಾರ್, ಅಂದರೆ ಪ್ರಾಯಶ್ಚಿತ್ತದ ಚಾಪೆಲ್. ಫ್ರಾನ್ಸಿನ ಕ್ರಾಂತಿಯಲ್ಲಿ ತಲೆ ಕತ್ತರಿಸಿದ ರಾಜ 16ನೇ ಲೂಯಿ ಮತ್ತು ರಾಣಿ ಮಾರಿ ಆಂತ್ವಾನೆತ್ ಇಬ್ಬರನ್ನು ಹೂತಿದ್ದ ಜಾಗದಲ್ಲಿ, ರಾಜನ ತಮ್ಮ 18ನೇ ಲೂಯಿ ಕಟ್ಟಿಸಿದ್ದು. 1816ಕ್ಕೆ ಶುರು, 1826ಕ್ಕೆ ಮುಗಿಯಿತು. ವಾಸ್ತುಶಿಲ್ಪಿ ಫೊಂತೇನ್. ಮುಂದೆ ದೋರಿಕ್ ಕಂಬ, ಅಂದರೆ ಹಳೆ ಗ್ರೀಕರ ಸಾದಾ ಕಂಬ, ತ್ರಿಕೋನ, ಮೇಲೆ ಗುಮ್ಮಟ. ಒಳಗೆ ಬಿಳಿ. ರಾಜನ ಪ್ರತಿಮೆ ಬೊಸಿಯೊ ಕಡೆದದ್ದು, ರಾಣಿಯದು ಕೊರ್ತೊ. ಒಳಗೆ ಹೋದರೆ ಸಾವಿನ ಮನೆಯ ಮೌನ. ಗೋಡೆ ತುಂಬಾ ಬಣ್ಣ ಹಾಕಿದ್ದರೆ ಆ ಮೌನ ಕೆಟ್ಟುಹೋಗುತ್ತಿತ್ತು.

ಈಗ ಮಂಗಳೂರಿಗೆ ಬನ್ನಿ. ಹೊರಗಿನ ಕಟ್ಟಡದಲ್ಲಿ ಆ ಶಿಸ್ತು ಸ್ವಲ್ಪ ಇದೆ. ಸಾಲು, ಅಳತೆ, ರೋಮನ್ ಕಮಾನು. ಒಳಗೆ ಕಾಲಿಟ್ಟರೆ ಶಿಸ್ತು ಗಿಸ್ತು ಏನೂ ಇಲ್ಲ! ಬೆರಳಗಲ ಜಾಗ ಬಿಟ್ಟಿಲ್ಲ. ಅದಕ್ಕೇ ನನ್ನ ಪ್ರಕಾರ ಒಂದೇ ಚೀಟಿ ಅಂಟಿಸೋಕಾಗಲ್ಲ. ಅಂಗಿ ನಿಯೋಕ್ಲಾಸಿಕಲ್, ಒಳಗಿನ ಜೀವ ಬರೋಕ್.

ಕುಡ್ಲದ ಸೊಸೆ

ಟಿ-ಸ್ಕ್ವೇರ್ ಸರ್, ಬಿಳಿ ಗೋಡೆಯೇ ಹೆಚ್ಚು ಅನ್ನುವ ಹಾಗೆ ಹೇಳುತ್ತಿದ್ದೀರಿ. ಇದು ಸತ್ತವರ ನೆನಪಿಗೆ ಕಟ್ಟಿದ್ದಲ್ಲ. ಕಾಲೇಜಿನ ಚಾಪೆಲ್. ಹುಡುಗರಿಗೆ ಕಟ್ಟಿದ್ದು. ಹುಡುಗರಿಗೆ ಕಥೆ ಬೇಕು.

ಮಾಳಿಗೆಯ ನಡುವಿನ ಸಾಲಲ್ಲಿ ಇರುವುದು ಈ ಚಾಪೆಲಿಗೆ ಹೆಸರಾದ ಸಂತ ಅಲೋಶಿಯಸ್ ಗೊನ್ಜಾಗ ಅವರ ಜೀವನ. ಹುಟ್ಟಿದ್ದು 1568ರಲ್ಲಿ, ಕಸ್ತಿಲ್ಯೋನೆಯ ದೊಡ್ಡ ಮನೆತನದ ಹಿರಿಯ ಮಗ. ಅಪ್ಪನಿಗೆ ಮಗ ಸಿಪಾಯಿಯಾಗಬೇಕು ಅಂತ ಆಸೆ. ಹನ್ನೆರಡನೇ ವಯಸ್ಸಿಗೆ ಮೊದಲ ಪರಮಪ್ರಸಾದ ಕೊಟ್ಟವರು ಸಂತ ಕಾರ್ಲೊ ಬೊರೊಮಿಯೊ. ಆಮೇಲೆ ಜಹಗೀರಿನ ಹಕ್ಕನ್ನು ತಮ್ಮನಿಗೆ ಬರೆದುಕೊಟ್ಟು ಯೇಸುಸಭೆ ಸೇರಿದರು. 1591ರಲ್ಲಿ ರೋಮಿನಲ್ಲಿ ಪ್ಲೇಗ್. ರೋಗಿಗಳನ್ನು ಹೊತ್ತು ತಂದು ಆರೈಕೆ ಮಾಡಿದರು. ಅದೇ ರೋಗ ತಗುಲಿ ಜೂನ್ 21ಕ್ಕೆ ತೀರಿಕೊಂಡರು. ವಯಸ್ಸು 23.

ಮಾಳಿಗೆಯ ಇಳಿಜಾರಿನ ಮೇಲಿನ ಸಾಲಲ್ಲಿ ಪ್ರೇಷಿತರು, ಅಂದರೆ ಯೇಸುವಿನ ಶಿಷ್ಯರು. ಕೆಳಗಿನ ಸಾಲಲ್ಲಿ ಸಂತರು, ಅವರ ಸುತ್ತ ಹೂಮಾಲೆ ಹಿಡಿದ ದೇವದೂತರು. ಹಿಂದಿನ ಗೋಡೆಯಲ್ಲಿ ಯೇಸು ಮಕ್ಕಳ ಜೊತೆ. ಬಾಗಿಲ ಕಡೆ ತಿರುಗಿದಾಗ ಅದು ಕಾಣುತ್ತದೆ. ನನಗೆ ಚಿಕ್ಕಂದಿನಲ್ಲಿ ಅದೇ ಇಷ್ಟ, ಯಾಕಂದರೆ ಅದು ಕಂಡರೆ ಪೂಜೆ ಮುಗಿಯಿತು ಅಂತ ಅರ್ಥ.

ಲಕ್ಕುಂಡಿ ಲೋಕ

ಹ್ಹಹ್ಹ ಅಕ್ಕಾ!

1591ರ ಪ್ಲೇಗಿನ ಕಥೆಯನ್ನು ಬ್ರದರ್ ಇಲ್ಲಿ ಬಿಡಿಸುವಾಗ ನಮ್ಮ ಕಡೆಯೂ ಪ್ಲೇಗ್ ಇತ್ತು, ಗೊತ್ತಾ? 1896ರಲ್ಲಿ ಮುಂಬೈಗೆ ಬಂದದ್ದು, ರೈಲಿನ ದಾರಿ ಹಿಡಿದು ಹುಬ್ಬಳ್ಳಿ, ಧಾರವಾಡಕ್ಕೂ ಬಂತು. ನಮ್ಮ ಮುತ್ತಜ್ಜಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಮಾತು ಮನೆಯಲ್ಲಿ ಈಗಲೂ ಬರುತ್ತದೆ. ರೋಗಿಯನ್ನು ಹೊತ್ತು ತರುವ ಚಿತ್ರವನ್ನು ಆಗ ನೋಡಿದವರಿಗೆ ಅದು ಹಳೇ ಕಥೆ ಅನ್ನಿಸಿರಲಿಕ್ಕಿಲ್ಲ.

ಬಣ್ಣದ ಡಬ್ಬಿ

ಇದು ನನಗೆ ಹೊಳೆದೇ ಇರಲಿಲ್ಲ.

ಟಿ-ಸ್ಕ್ವೇರ್ ಸರ್ "ಬರೋಕ್" ಅಂದರಲ್ಲ, ಅದಕ್ಕೊಂದು ಹಿಂದಿನ ಕೊಂಡಿ ಇದೆ. ರೋಮಿನಲ್ಲಿ ಸಾಂತ್ ಇನ್ಯಾಸಿಯೊ ಅಂತ ಯೇಸುಸಭೆಯ ದೊಡ್ಡ ಇಗರ್ಜಿ. ಅದಕ್ಕೆ ಗುಮ್ಮಟ ಕಟ್ಟಲಿಲ್ಲ. 1685ರಲ್ಲಿ ಆಂದ್ರೆಯಾ ಪೊಜ್ಜೊ ಅನ್ನುವವರು ದೊಡ್ಡ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನೇ ಬಿಡಿಸಿ ಆ ಜಾಗಕ್ಕೆ ಹೊದಿಸಿದರು. ನೆಲದಲ್ಲಿ ಒಂದು ಗುರುತು ಇದೆ. ಅಲ್ಲಿ ನಿಂತು ನೋಡಿದರೆ ಗುಮ್ಮಟ ಮೇಲಕ್ಕೆ ಏಳುತ್ತದೆ. ನಾಲ್ಕು ಹೆಜ್ಜೆ ಆಚೆ ಹೋದರೆ ವಾಲಿದ ಹಾಗೆ ಕಾಣುತ್ತದೆ.

ಪೊಜ್ಜೊ ಕೂಡ ಮೊಸ್ಕೇನಿ ತರಾನೇ ಯೇಸುಸಭೆಯ ಬ್ರದರ್. ಸಂತ ಅಲೋಶಿಯಸರ ಸಮಾಧಿ ಇರುವುದೂ ಅದೇ ಇಗರ್ಜಿಯಲ್ಲಿ. ಆ ಸಮಾಧಿಯ ಪೀಠದ ವಿನ್ಯಾಸವೂ ಪೊಜ್ಜೊದು. ಇನ್ನೂರು ವರ್ಷದ ಮೇಲೆ ಅದೇ ಸಂತರ ಹೆಸರಿನ ಚಾಪೆಲಿಗೆ ಇನ್ನೊಬ್ಬ ಬ್ರದರ್ ಅದೇ ಕಣ್ಕಟ್ಟು ವಿದ್ಯೆ ಹಿಡಿದುಕೊಂಡು ಮಂಗಳೂರಿಗೆ ಬಂದ. ನನಗೆ ಇದು ಮೈ ಜುಂ ಅನ್ನಿಸುತ್ತದೆ.

ಉಣಕಲ್ ದಂಡೆ

ಒಪ್ಪಿದೆ, ಕಥೆ ಚೆನ್ನಾಗಿದೆ. ಆದರೆ ಮಾಳಿಗೆಗೆ ಫ್ರೆಸ್ಕೊ ಹೇಗೆ ಹಾಕಿದರು? ಹಂಚಿನ ಮನೆ ಅಲ್ವಾ ಅದು? ಗಿಲಾವು ನಿಲ್ಲೋದು ಎಲ್ಲಿ?

ಬಣ್ಣದ ಡಬ್ಬಿ

ಸರಿಯಾಗಿ ಹಿಡಿದಿರಿ. ಮಾಳಿಗೆಯದು ಫ್ರೆಸ್ಕೊ ಅಲ್ಲ. ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಬಿಡಿಸಿ ಮೇಲೆ ಹೊದಿಸಿದ್ದು. ಗೋಡೆಯದು ಮಾತ್ರ ಫ್ರೆಸ್ಕೊ. ಎರಡರ ಸ್ವಭಾವ ಪೂರ್ತಿ ಬೇರೆ. ಎಣ್ಣೆಬಣ್ಣ ಆಳವಾಗಿ, ಹೊಳಪಾಗಿ ಕಾಣುತ್ತದೆ. ನಿಧಾನವಾಗಿ ತಿದ್ದಬಹುದು. ಸುಣ್ಣದ ಬಣ್ಣ ಮಂಕು, ಪುಡಿಪುಡಿ. ಎರಡೂ ಒಂದೇ ಕೈಯ ಕೆಲಸ ಅನ್ನಿಸುವ ಹಾಗೆ ಕೂಡಿಸುವುದು ಸಣ್ಣ ಮಾತಲ್ಲ. ನಾನು ಎರಡು ಸಲ ಹೋದರೂ ಯಾವುದು ಎಲ್ಲಿ ಮುಗಿಯಿತು ಅಂತ ಕೆಳಗಿನಿಂದ ಗೊತ್ತಾಗಲಿಲ್ಲ.

ಹುಬ್ಬಳ್ಳಿ ಗಚ್ಚು

ಮಳೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಕಡೆ ನಾಲ್ಕು ಮಳೆಗೇ ಗೋಡೆ ಪಾಚಿ ಕಟ್ಟುತ್ತದೆ. ಅಲ್ಲಿ ಜೂನಿನಿಂದ ಸುರಿಯೋಕೆ ಶುರುವಾದರೆ ನಿಲ್ಲೋದೇ ಇಲ್ಲ.

ಕುಡ್ಲದ ಸೊಸೆ

ಉಳಿದಿದೆ ಅಂದರೆ ಹಾಗೇ ಉಳಿದಿದ್ದಲ್ಲಕ್ಕಾ. 1991ರಿಂದ 1994ರ ತನಕ ಹಳೆ ಕಲೆ, ಕಟ್ಟಡ ಕಾಪಾಡುವ ಸಂಸ್ಥೆ ಇನ್‌ಟ್ಯಾಕ್‌ನವರು ಬಂದು ದುರಸ್ತಿ ಮಾಡಿದರು. ಅಷ್ಟೊತ್ತಿಗೆ ಬಣ್ಣ ಬಹಳ ಮಂಕಾಗಿತ್ತು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ದುರಸ್ತಿ ಆದಮೇಲೆ ಹೋದಾಗ "ಇವರ ಅಂಗಿ ನೀಲಿ ಇತ್ತಾ?" ಅಂತ ನಮ್ಮ ಅಜ್ಜಿ ಬೆರಗಾಗಿದ್ದರು.

ಟಿ-ಸ್ಕ್ವೇರ್

ಫ್ರೆಸ್ಕೊಗೆ ದೊಡ್ಡ ಶತ್ರು ಬಿಸಿಲಲ್ಲ, ಗೋಡೆಯೊಳಗಿನ ನೀರು. ಹೆಂಚು ಸರಿದು ಸೋರಿದರೆ, ಇಲ್ಲಾ ಬುನಾದಿಯಿಂದ ತೇವ ಮೇಲಕ್ಕೆ ಹತ್ತಿದರೆ, ಒಳಗಿನ ಉಪ್ಪು ಕರಗಿ ಮೇಲಕ್ಕೆ ಬರುತ್ತದೆ. ಮೇಲೆ ಬಂದು ಒಣಗುವಾಗ ಹರಳು ಕಟ್ಟುತ್ತದೆ. ಆ ಹರಳು ಬಣ್ಣದ ಪದರವನ್ನು ಒಳಗಿನಿಂದ ಒಡೆಯುತ್ತದೆ. ಮನೆಗೋಡೆಯಲ್ಲಿ ಬಿಳಿ ಹಿಟ್ಟಿನ ತರ ಏಳುತ್ತದಲ್ಲ, ಲೋಣಿ ಹತ್ತಿದೆ ಅನ್ನುತ್ತೇವೆ, ಅದೇ.

ಇದಕ್ಕೆ ಸಿಮೆಂಟ್ ಬಳಿದರೆ ಇನ್ನೂ ಕೆಡುತ್ತದೆ. ಸುಣ್ಣದ ಗೋಡೆ ಉಸಿರಾಡುತ್ತದೆ, ಸಿಮೆಂಟ್ ಮೂಗು ಮುಚ್ಚುತ್ತದೆ. ತೇವ ಹೋಗೋಕೆ ದಾರಿ ಇಲ್ಲದೆ ಚಿತ್ರದ ಕಡೆಯೇ ಬರುತ್ತದೆ. ಇದು ನನಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ. ನಮ್ಮ ಭಾಗದ ಒಂದು ಹಳೇ ವಾಡೆಯಲ್ಲಿ ಗಚ್ಚಿನ ಗೋಡೆಗೆ ನಾನೇ ಸಿಮೆಂಟ್ ಹಾಕಿಸಿದ್ದೆ. ಮೊದಲ ಕೆಲಸ, ಹುರುಪು ಜಾಸ್ತಿ. ಎರಡು ಮಳೆಗಾಲಕ್ಕೆ ಗಿಲಾವು ರೊಟ್ಟಿ ತರ ಉಬ್ಬಿ ಬಿತ್ತು. ಮನೆಯ ಯಜಮಾನರು ಇವತ್ತಿಗೂ ಮದುವೆಯಲ್ಲಿ ಸಿಕ್ಕರೆ ನನ್ನ ಕಡೆ ನೋಡಿ ಆ ಗೋಡೆ ನೆನಪಿಸುತ್ತಾರೆ.

ಹುಬ್ಬಳ್ಳಿ ಗಚ್ಚು

ಅಪ್ಪ ನಕ್ಕು ನಕ್ಕು ಸಾಕಾದರು ಸರ್. "ಎಂಜಿನಿಯರ್ ಒಪ್ಪಿಕೊಂಡಾನ ಅಂದ್ರ ದೊಡ್ಡ ಮಾತು" ಅಂತ.

ಲಕ್ಕುಂಡಿ ಲೋಕ

ಗೋಡೆಚಿತ್ರಕ್ಕೆ ಅಷ್ಟು ದೂರ ಹೋಗಬೇಕಾ ಅಂತ ಕೇಳುವವರಿಗೆ: ಬಾದಾಮಿಯ ಮೂರನೇ ಗುಹೆಯ ಸೂರು ನೋಡಿ. ಆ ಗುಹೆಯ ಶಾಸನ 578ರದು. ಅಳಿದುಳಿದ ತುಣುಕು ಮಾತ್ರ ಇದೆ. ನಮ್ಮ ದೇಶದ ಹಳೆಯ ಗೋಡೆಚಿತ್ರ ಬಹಳಷ್ಟು ಒಣ ಗಿಲಾವಿನ ಮೇಲೆ ಅಂಟು ಕಲಸಿದ ಬಣ್ಣದ್ದು. ಇನ್ನು ಕುಮಟಾ, ಅಂಕೋಲಾ ಕಡೆ ಗುಡಿಗಳಲ್ಲಿ ಕಾವಿ ಕಲೆ ಇದೆ. ಬಿಳಿ ಗಾರೆಗೆ ಕೆಂಪು ಕಾವಿ ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ತೆಗೆಯುತ್ತಾರೆ. ಹಸಿ ಸುಣ್ಣದ ಗುಟ್ಟು ಕರಾವಳಿಯವರಿಗೆ ಇಟಲಿಯವರು ಹೇಳಿಕೊಡಬೇಕಾಗಿರಲಿಲ್ಲ. ಹುಬ್ಬಳ್ಳಿಯಿಂದ ಅಂಕೋಲಾ ಮೇಲೆ ಮಂಗಳೂರಿಗೆ ಹೋದರೆ ಎರಡನ್ನೂ ಒಂದೇ ಸಲ ನೋಡಬಹುದು.

ಕುಡ್ಲದ ಸೊಸೆ

ಮೊಸ್ಕೇನಿ ಮಂಗಳೂರಿಗೆ ನಿಲ್ಲಲಿಲ್ಲ. ಮುಂಬೈನ ಹೋಲಿ ನೇಮ್ ಕೆಥೆಡ್ರಲಿನಲ್ಲೂ ಅವರ ಚಿತ್ರಗಳಿವೆ. ಕೊನೆಗೆ ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾಕ್ಕೆ ಹೋದರು. 1905ರ ನವೆಂಬರ್ 19ಕ್ಕೆ ಅದರ ಪ್ರತಿಷ್ಠೆ. ನಾಲ್ಕು ದಿನ ಮುಂಚೆ, 15ಕ್ಕೆ ತೀರಿಹೋದರು. ವಯಸ್ಸು 51. ನಮ್ಮ ದೇಶಕ್ಕೆ ಬಂದು ಏಳೇ ವರ್ಷ.

ಉಣಕಲ್ ದಂಡೆ

ಏಳು ವರ್ಷದಲ್ಲಿ ಇಷ್ಟಾ? ನಮ್ಮ ಓಣಿಯ ಚರಂಡಿಗೆ ಏಳು ವರ್ಷ ಸಾಲಲಿಲ್ಲ. ಸರಿ, ದೀಪಾವಳಿ ರಜೆಗೆ ಹೋಗಿ ನೋಡಿಕೊಂಡು ಬರುತ್ತೇನೆ. ಮೋಸ ಅಂದಿದ್ದನ್ನು ಹಿಂದೆ ತೆಗೆದುಕೊಳ್ಳಬೇಕಾ ಬೇಡವಾ ಆಮೇಲೆ ಹೇಳುತ್ತೇನೆ.

ಬಣ್ಣದ ಡಬ್ಬಿ

ಹೋದಾಗ ಒಂದು ಮಾಡಿ ಅಣ್ಣಾ. ನೆರಳು ಎಲ್ಲಿ ಬಿದ್ದಿದೆ ಅಂತ ನೋಡಿ. ಸಪಾಟ ಗೋಡೆ ಉಬ್ಬಿದ ಹಾಗೆ ಕಾಣುವ ಗುಟ್ಟೆಲ್ಲ ನೆರಳಲ್ಲಿದೆ. ಒಂದು ಬದಿಗೆ ಬೆಳಕಿನ ತೆಳು ಗೆರೆ, ಇನ್ನೊಂದು ಬದಿಗೆ ಕಪ್ಪು, ಕೆಳಗೆ ಬೀಳುವ ನೆರಳು ಸ್ವಲ್ಪ ಮಬ್ಬು. ಕೋಣೆಗೆ ನಿಜವಾದ ಬೆಳಕು ಯಾವ ಕಡೆಯಿಂದ ಬರುತ್ತದೋ ಆ ಕಡೆಯಿಂದಲೇ ಚಿತ್ರದ ಬೆಳಕೂ ಬರಬೇಕು. ಅದು ತಪ್ಪಿದರೆ ಕಣ್ಣು ನಂಬುವುದಿಲ್ಲ.

ಹುಬ್ಬಳ್ಳಿ ಗಚ್ಚು

ನಾಲ್ಕು ದಿನ ಆದಮೇಲೆ ಬಂದೆ, ಕ್ಷಮಿಸಿ. ಡಬ್ಬಿ ಅವರ ಈ ಕೊನೆಯ ಮಾತನ್ನು ಅಪ್ಪನಿಗೆ ಓದಿ ಹೇಳಿದ್ದೇ ತಪ್ಪಾಯಿತು. ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಪಡಸಾಲೆಯ ಗೋಡೆಯ ಮೇಲೆ ಒಂದು ಗೂಡು ಬಂದಿತ್ತು. ದೀಪ ಇಡುತ್ತಾರಲ್ಲ, ಅಂಥ ಸಣ್ಣ ಗೂಡು. ಇದ್ದಿಲು, ಸುಣ್ಣದ ನೀರು, ಕುಂಕುಮದ ಡಬ್ಬಿಯ ಪಕ್ಕದಲ್ಲಿದ್ದ ಕಾವಿ ಉಂಡೆ, ಇಷ್ಟೇ ಸಾಮಾನು. ಕಿಟಕಿ ಎಡಗಡೆ ಇದೆ. ಅದಕ್ಕೆ ಗೂಡಿನ ಎಡ ಒಳಗೋಡೆಗೆ ಕಪ್ಪು, ಬಲಗಡೆಗೆ ಬಿಳಿ ಹಚ್ಚಿದ್ದಾರೆ. ಗೆರೆ ಅಷ್ಟು ನೇರ ಇಲ್ಲ, ಕೈ ಈಗ ನಡುಗುತ್ತದೆ.

ನಿನ್ನೆ ಸಂಜೆ ಪಕ್ಕದ ಮನೆ ಕಾಕು ಬಂದರು. ಮಾತಾಡುತ್ತಾ ಕೈಯಲ್ಲಿದ್ದ ಬೀಗದ ಕೈಯನ್ನು ಆ ಗೂಡಿನಲ್ಲಿ ಇಡೋಕೆ ಹೋದರು. ಗೋಡೆಗೆ ಬಡಿದು ಕೆಳಗೆ ಬಿತ್ತು.

ಅಪ್ಪ ಅವತ್ತಿನಿಂದ ಪಡಸಾಲೆಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಇವತ್ತು ಯಾರು ಬರುತ್ತಾರೆ ಅಂತ.